ಕೇಬಲ್ಲಿನ ಕೊರಳಿಗೊಂದು ಫೆರೈಟ್

ಎಲೆಕ್ಟ್ರಾನಿಕ್ ಸಾಧನಗಳು ರೇಡಿಯೋಗೆ ಅಡ್ಡಿಪಡಿಸುತ್ತವೆಯೇ ಎಂದು ಪರೀಕ್ಷಿಸುವ, ಪುಣೆಯ ಸುತ್ತಮುತ್ತಲಿನ ಇಎಂಸಿ ಪ್ರಯೋಗಾಲಯಗಳಲ್ಲಿ, ಹೊರಗಿನ ಅಲೆಗಳು ನುಗ್ಗದ ಚೇಂಬರಿನ ಹೊರಗೆ ಅಳತೆಯ ರಿಸೀವರ್ ಇಟ್ಟಿರುವ ಮೇಜಿನ ಆಸುಪಾಸಿನಲ್ಲಿ ಒಂದು ಡಬ್ಬಿ ಸಾಮಾನ್ಯವಾಗಿ ಕಣ್ಣಿಗೆ ಬೀಳುತ್ತದೆ. ತಾಮ್ರದ ಟೇಪು, ಅಲ್ಯೂಮಿನಿಯಂ ಫಾಯಿಲ್, ಬಿಡಿ ಕೆಪಾಸಿಟರುಗಳು, ಅವೆಲ್ಲದರ ತಳದಲ್ಲಿ ತಮ್ಮ ಭಾರಕ್ಕೆ ಜಾರಿ ಕುಳಿತ ಫೆರೈಟ್ ಕ್ಲಾಂಪುಗಳು, ಅಂದರೆ ಕೇಬಲ್ಲಿನ ಸುತ್ತ ಕಚ್ಚಿಸುವ, ಕಾಂತೀಯ ಪಿಂಗಾಣಿಯ ಉಂಗುರಗಳು. ಭೋಸರಿ, ಚಾಕಣದ ಕಾರ್ಖಾನೆಗಳಿಂದ ಹೊಸ ಕಂಟ್ರೋಲರನ್ನು ಹೊತ್ತು ತಂದವರು, ಪರದೆಯ ಮೇಲೆ ಮಿತಿರೇಖೆಯನ್ನು ದಾಟಿ ನಿಂತ ಶಿಖರವನ್ನು ಕಂಡ ಕೂಡಲೇ ಆ ಡಬ್ಬಿಗೆ ಕೈ ಹಾಕುತ್ತಾರೆ. ಚೇಂಬರಿನ ಬಾಡಿಗೆ ಗಂಟೆಯ ಲೆಕ್ಕದಲ್ಲಿ ಏರುತ್ತಿರುವಾಗ, ಬೆಸುಗೆ ಹಾಕದೆ, ಬೋರ್ಡನ್ನು ಬಿಚ್ಚದೆ, ಅರ್ಧ ನಿಮಿಷದಲ್ಲಿ ಮಾಡಿ ನೋಡಬಹುದಾದ ಕೆಲಸ ಅದೊಂದೇ ಆಗಿರುತ್ತದೆ.

ಇದನ್ನು ನಾನು ತಪ್ಪೆನ್ನುವುದಿಲ್ಲ. ನನ್ನ ತಕರಾರು ಇರುವುದು ಅದರ ಮುಂದಿನ ಹೆಜ್ಜೆಯ ಬಗ್ಗೆ. ಪರೀಕ್ಷೆಯ ಹೊತ್ತಿನಲ್ಲಿ ಕೇಬಲ್ಲಿಗೆ ಹಾಕುವ ಫೆರೈಟ್ ಎರಡು ಬೇರೆ ಬೇರೆ ಕೆಲಸಗಳನ್ನು ಮಾಡುತ್ತದೆ. ಎಮಿಷನ್, ಅಂದರೆ ಸಾಧನ ಹೊರಸೂಸುವ ಬೇಡದ ರೇಡಿಯೋ ಶಕ್ತಿ, ಯಾವ ದಾರಿಯಿಂದ ಹೊರಬರುತ್ತಿದೆ ಎಂದು ಪತ್ತೆ ಹಚ್ಚುವುದು ಒಂದು, ಅದನ್ನು ತಗ್ಗಿಸುವುದು ಇನ್ನೊಂದು. ಪತ್ತೆಯ ಕೆಲಸದಲ್ಲಿ ಇಷ್ಟು ಅಗ್ಗದ, ಇಷ್ಟು ಪ್ರಾಮಾಣಿಕವಾದ ಸಾಧನ ಬೇರೊಂದು ನನಗೆ ಗೊತ್ತಿಲ್ಲ. ತಗ್ಗಿಸುವ ಕೆಲಸದಲ್ಲಿ ಅದು ಕೆಲವೊಮ್ಮೆ ಸರಿಯಾದ ಆಯ್ಕೆ, ಅನೇಕ ಸಲ ಬೋರ್ಡಿನ ಮೇಲೆ ಮಾಡಬೇಕಾಗಿದ್ದ ಕೆಲಸವನ್ನು ಮುಂದೂಡುವ ಉಪಾಯ. ಪತ್ತೆಗೆಂದು ಹಾಕಿದ ಕ್ಲಾಂಪು, ಯಾರೂ ತೀರ್ಮಾನಿಸದೆಯೇ ಪರಿಹಾರವಾಗಿ ಉಳಿದುಬಿಟ್ಟು, ಉತ್ಪನ್ನದ ಜೊತೆ ಪೆಟ್ಟಿಗೆಯೊಳಗೆ ಸೇರಿಹೋಗುವುದನ್ನು ನೋಡಿ ನೋಡಿ ಈ ಬರಹವನ್ನು ಬರೆಯುತ್ತಿದ್ದೇನೆ.

ಪುಣೆಯ ವಾಹನ ಎಲೆಕ್ಟ್ರಾನಿಕ್ಸ್ ಉದ್ಯಮದಲ್ಲಿ ಬೆಳಗಾವಿ, ವಿಜಯಪುರ, ಧಾರವಾಡ, ಕಲಬುರಗಿ ಕಡೆಯ ಹುಡುಗ ಹುಡುಗಿಯರು ಬಹಳ ಮಂದಿ ಇದ್ದಾರೆ. ಮೀಟಿಂಗಿನಲ್ಲಿ ಇಂಗ್ಲಿಷ್, ಅಂಗಳದಲ್ಲಿ ಮರಾಠಿ, ಗ್ರಾಫ್ ಕೆಟ್ಟಾಗ ಮಾತ್ರ ಕನ್ನಡ ಎಂಬುದು ನಮ್ಮಲ್ಲಿ ಬೆಳೆದುಬಂದ ರೂಢಿ. "ಸರ, ಇನ್ನೊಂದು ಹಾಕಿ ನೋಡೂಣೇನ್ರಿ?" ಎಂಬ ಪ್ರಶ್ನೆಯನ್ನು ನಾನು ಕೇಳಿರುವುದು ಹೆಚ್ಚಾಗಿ ಇದೇ ಕನ್ನಡದಲ್ಲಿ. ಆ ಪ್ರಶ್ನೆಗೆ ಚೇಂಬರಿನ ಬಾಗಿಲಲ್ಲಿ ನಿಂತು ಕೊಡಲಾಗದ ಉದ್ದನೆಯ ಉತ್ತರ ಇದು.

ಮೊದಲು ಕೇಬಲ್ಲಿನ ವಿಷಯ. ಒಂದು ಸಂಕೇತ ಒಂದು ತಂತಿಯಲ್ಲಿ ಹೋಗಿ ಪಕ್ಕದ ತಂತಿಯಲ್ಲಿ ಮರಳಿ ಬಂದರೆ, ಎರಡರ ಕ್ಷೇತ್ರಗಳೂ ದೂರದಲ್ಲಿ ಬಹುಪಾಲು ಒಂದನ್ನೊಂದು ಅಳಿಸಿಹಾಕುತ್ತವೆ. ಇದು ಡಿಫರೆನ್ಷಿಯಲ್ ಮೋಡ್. ತೊಂದರೆ ಕೊಡುವುದು ಕಾಮನ್ ಮೋಡ್ ಕರೆಂಟ್. ಅಂದರೆ ಕೇಬಲ್ಲಿನ ಎಲ್ಲ ತಂತಿಗಳಲ್ಲೂ ಒಂದೇ ದಿಕ್ಕಿಗೆ ಹರಿದು, ಮರಳುವ ದಾರಿಯನ್ನು ಕೇಬಲ್ಲಿನೊಳಗೆ ಕಾಣದೆ, ಲೋಹದ ಮೇಜಿನ ಮೂಲಕವೋ ಸುತ್ತಲಿನ ಖಾಲಿ ಜಾಗದ ಮೂಲಕವೋ ಮರಳುವ ಕರೆಂಟ್. ಇದರ ಪ್ರಮಾಣ ಎಷ್ಟು ಸಣ್ಣದು ಎಂಬುದನ್ನು ಹೊಸಬರು ನಂಬುವುದಿಲ್ಲ. ಒಂದು ಮೀಟರ್ ಉದ್ದದ ಕೇಬಲ್ಲಿನಲ್ಲಿ 50 ಮೆಗಾಹರ್ಟ್ಸ್ ಆವರ್ತನದ 5 ಮೈಕ್ರೋಆಂಪಿಯರ್ ಕಾಮನ್ ಮೋಡ್ ಕರೆಂಟ್ ಹರಿದರೆ, ಮೂರು ಮೀಟರ್ ದೂರದಲ್ಲಿ ಸುಮಾರು 100 ಮೈಕ್ರೋವೋಲ್ಟ್ ಪ್ರತಿ ಮೀಟರಿನಷ್ಟು ಕ್ಷೇತ್ರ ಉಂಟಾಗುತ್ತದೆ. ಮನೆಬಳಕೆಯ ಸಾಧನಗಳಿಗೆ ಆ ದೂರದಲ್ಲಿ ಇರುವ ಮಿತಿಯೂ ಹೆಚ್ಚುಕಡಿಮೆ ಅಷ್ಟೇ, ಅಂದರೆ ಡೆಸಿಬೆಲ್ (ಡಿಬಿ) ಎಂಬ ಲಾಗರಿದಮ್ ಅಳತೆಯಲ್ಲಿ 40 ಡಿಬಿ ಮೈಕ್ರೋವೋಲ್ಟ್ ಪ್ರತಿ ಮೀಟರ್. ಬೋರ್ಡಿನೊಳಗೆ ಆಂಪಿಯರುಗಟ್ಟಲೆ ಕರೆಂಟ್ ಓಡಾಡುತ್ತಿರುವಾಗ, ಅದರ ಹತ್ತು ಲಕ್ಷದಲ್ಲಿ ಐದು ಭಾಗ ತಪ್ಪಿಸಿಕೊಂಡು ಕೇಬಲ್ಲಿಗೆ ಸೇರಿದರೆ ಪರೀಕ್ಷೆ ಮುಗಿದಂತೆ.

ಈ ಮಿತಿಗಳ ಹಿಂದಿರುವುದು ರೇಡಿಯೋ. ರೇಡಿಯೋ ಪ್ರಸಾರಕ್ಕೆ ಯಂತ್ರಗಳಿಂದಾಗುವ ಅಡ್ಡಿಯನ್ನು ಅಳೆಯುವ ವಿಧಾನದಲ್ಲಿ ದೇಶಗಳ ನಡುವೆ ಒಮ್ಮತ ತರಲೆಂದೇ 1934ರಲ್ಲಿ ಸಿಸ್ಪರ್ ಎಂಬ ಅಂತರರಾಷ್ಟ್ರೀಯ ಸಮಿತಿ ಕೆಲಸ ಆರಂಭಿಸಿತು. ವಾಹನಗಳೊಳಗಿನ ರೇಡಿಯೋಗಳನ್ನು ಕಾಪಾಡುವ ಸಿಸ್ಪರ್ 25 ಎಂಬ ಪ್ರಮಾಣ ಅದೇ ಮನೆತನದ್ದು. ನಮ್ಮ ದೇಶದಲ್ಲಿ ವಾಹನಗಳ ಇಎಂಸಿ ನಿಯಮವಾದ ಎಐಎಸ್-004 ಮೂರನೆಯ ಭಾಗವೂ ಇದೇ ಅಳತೆಯ ಪದ್ಧತಿಗಳ ಮೇಲೆ ನಿಂತಿದೆ. ಕೋಥರೂಡಿನ ವೇತಾಳ ಗುಡ್ಡದ ಮೇಲಿರುವ ಎಆರ್‌ಎಐ ಎಂಬ ವಾಹನ ಸಂಶೋಧನಾ ಸಂಸ್ಥೆಯಿಂದಾಗಿ ಈ ಊರಿನ ಎಂಜಿನಿಯರುಗಳಿಗೆ ಈ ಸಂಖ್ಯೆಗಳು ಉಳಿದ ಊರುಗಳವರಿಗಿಂತ ಸ್ವಲ್ಪ ಬೇಗ ಬಾಯಿಪಾಠವಾಗುತ್ತವೆ.

ಫೆರೈಟ್ ಎಂದರೆ ಕಬ್ಬಿಣದ ಆಕ್ಸೈಡಿಗೆ ನಿಕಲ್, ಜಿಂಕ್, ಮ್ಯಾಂಗನೀಸ್‌ನಂಥ ಲೋಹಗಳ ಆಕ್ಸೈಡುಗಳನ್ನು ಬೆರೆಸಿ, ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಸುಟ್ಟ ಪಿಂಗಾಣಿ. 1930ರಲ್ಲಿ ಟೋಕಿಯೋದಲ್ಲಿ ಯೋಗೊರೊ ಕಾಟೋ ಮತ್ತು ತಾಕೇಶಿ ತಾಕೇಯಿ ಇದನ್ನು ರೂಪಿಸಿದರು. ಅದನ್ನು ತಯಾರಿಸಿ ಮಾರಲೆಂದೇ 1935ರಲ್ಲಿ ಹುಟ್ಟಿದ ಕಂಪನಿ ಮುಂದೆ ಟಿಡಿಕೆ ಎಂದು ಹೆಸರಾಯಿತು. ಕೇಬಲ್ಲನ್ನು ಇಂಥ ಉಂಗುರದೊಳಗೆ ತೂರಿಸಿದಾಗ, ಹೋಗಿ ಮರಳುವ ಡಿಫರೆನ್ಷಿಯಲ್ ಕರೆಂಟಿನ ಕಾಂತಕ್ಷೇತ್ರಗಳು ಉಂಗುರದೊಳಗೆ ಪರಸ್ಪರ ರದ್ದಾಗುವುದರಿಂದ ಸಂಕೇತಕ್ಕೆ ಫೆರೈಟ್ ಕಾಣಿಸುವುದೇ ಇಲ್ಲ. ಕಾಮನ್ ಮೋಡ್ ಕರೆಂಟಿಗೆ ಮಾತ್ರ ಅದು ಅಡ್ಡ ನಿಲ್ಲುತ್ತದೆ. ಕಡಿಮೆ ಆವರ್ತನದಲ್ಲಿ ಅದರ ಅಡ್ಡಿ ಇಂಡಕ್ಟರಿನಂತೆ ಇರುತ್ತದೆ. ಆವರ್ತನ ಏರಿದಂತೆ ಅದು ರೆಸಿಸ್ಟರಿನ ಗುಣಕ್ಕೆ ತಿರುಗಿ, ತೊಂದರೆ ಕೊಡುವ ಶಕ್ತಿಯನ್ನು ಶಾಖವಾಗಿ ಕರಗಿಸುತ್ತದೆ. ಇದೇ ಅದರ ಹೆಚ್ಚುಗಾರಿಕೆ. ಬರಿಯ ಇಂಡಕ್ಟರ್ ಆಗಿದ್ದರೆ ಅದು ಕೇಬಲ್ಲಿನ ಕೆಪಾಸಿಟೆನ್ಸ್ ಜೊತೆ ಸೇರಿ ಹೊಸದೊಂದು ಅನುರಣನವನ್ನು (ರೆಸೊನೆನ್ಸ್) ಎಬ್ಬಿಸುವ ಅಪಾಯವಿತ್ತು.

ಆದರೆ ಎಲ್ಲ ಫೆರೈಟುಗಳೂ ಎಲ್ಲ ಆವರ್ತನಗಳಿಗೂ ಆಗುವುದಿಲ್ಲ. ಮ್ಯಾಂಗನೀಸ್-ಜಿಂಕ್ ಜಾತಿಯವು ಸಾಮಾನ್ಯವಾಗಿ ಕೆಳಗಿನ ಆವರ್ತನಗಳಿಗೆ, ನಿಕಲ್-ಜಿಂಕ್ ಜಾತಿಯವು ಹತ್ತಾರು ಮೆಗಾಹರ್ಟ್ಸ್‌ನಿಂದ ನೂರಾರು ಮೆಗಾಹರ್ಟ್ಸ್‌ವರೆಗೆ. ಸ್ವಿಚಿಂಗ್ ಪವರ್ ಸಪ್ಲೈಗೆಂದು ಮಾಡಿದ ದೊಡ್ಡ ಉಂಗುರವನ್ನು ಕೇಬಲ್ಲಿಗೆ ಹಾಕಿ, 200 ಮೆಗಾಹರ್ಟ್ಸ್‌ನಲ್ಲಿ ಏನೂ ಬದಲಾಗಲಿಲ್ಲವೆಂದು ಫೆರೈಟನ್ನೇ ಬೈಯುವವರಿದ್ದಾರೆ. ಬುಧವಾರ ಪೇಠದ ಪಾಸೋಡ್ಯಾ ವಿಠೋಬಾ ಗುಡಿಯ ಸುತ್ತಲಿನ ಅಂಗಡಿಗಳಲ್ಲಿ ಹೆಸರಿಲ್ಲದ, ಗುರುತಿಲ್ಲದ ಕೋರುಗಳು ಸಿಗುತ್ತವೆ. ಅವುಗಳ ಜಾತಿಯನ್ನು ಅಂಗಡಿಯವರೂ ಹೇಳಲಾರರು. ಅಲ್ಲಿ ಕೆಲಸಕ್ಕೆ ಬರುವ ಒಂದು ಉಪಾಯವೆಂದರೆ ಮಲ್ಟಿಮೀಟರ್. ಬಣ್ಣದ ಲೇಪವಿಲ್ಲದ ಜಾಗದಲ್ಲಿ ಎರಡು ಮೊನೆಗಳನ್ನೂ ಒತ್ತಿ ಹಿಡಿದರೆ, ಮ್ಯಾಂಗನೀಸ್-ಜಿಂಕ್ ಕೋರು ಕಿಲೋಓಮುಗಳ ಲೆಕ್ಕದಲ್ಲಿ ಏನಾದರೊಂದು ಅಂಕಿ ತೋರಿಸುತ್ತದೆ, ನಿಕಲ್-ಜಿಂಕ್ ಕೋರು ಬಹುತೇಕ ಓಪನ್ ಎಂದೇ ತೋರಿಸುತ್ತದೆ. ಇದರಿಂದ ಡೇಟಾಶೀಟ್ ಸಿಕ್ಕಂತಾಗುವುದಿಲ್ಲ, ಆದರೆ ಅರ್ಧ ಕತ್ತಲೆ ಕಳೆಯುತ್ತದೆ. ಉಳಿದರ್ಧಕ್ಕೆ, ಒಂದು ತಂತಿಯನ್ನು ಕೋರಿನೊಳಗೆ ಹಾಯಿಸಿ ನೆಟ್‌ವರ್ಕ್ ಅನಲೈಸರಿನಲ್ಲಿ ಇಂಪೀಡೆನ್ಸ್, ಅಂದರೆ ಆಯಾ ಆವರ್ತನದಲ್ಲಿ ಕರೆಂಟಿಗೆ ಆಗುವ ಅಡ್ಡಿ, ಎಷ್ಟೆಂದು ನೋಡಬೇಕು. ಈಗ ಕೈಯಲ್ಲಿ ಹಿಡಿಯುವ ಅಗ್ಗದ ಅನಲೈಸರುಗಳೂ ಈ ಕೆಲಸಕ್ಕೆ ಸಾಲುತ್ತವೆ.

ತಂತಿಯ ಮೂಲಕವೇ ಹರಿದುಹೋಗುವ ಅಡ್ಡಿಯನ್ನು ಅಳೆಯುವ ಕಂಡಕ್ಟೆಡ್ ಎಮಿಷನ್ ಪರೀಕ್ಷೆಯಲ್ಲಿ ಮೀಡಿಯಂ ವೇವ್ ಪಟ್ಟಿ ಕೆಟ್ಟಾಗಲೂ ಕೇಬಲ್ಲಿಗೆ ಕ್ಲಾಂಪ್ ಹಾಕುವುದನ್ನು ಕಂಡಿದ್ದೇನೆ. ಸಾಮಾನ್ಯ ಕ್ಲಾಂಪಿನ ಇಂಡಕ್ಟೆನ್ಸ್ ಒಂದು ಮೈಕ್ರೋಹೆನ್ರಿಯ ಆಸುಪಾಸಿನಲ್ಲಿದ್ದರೆ 500 ಕಿಲೋಹರ್ಟ್ಸ್‌ನಲ್ಲಿ ಅದರ ಅಡ್ಡಿ ಮೂರು ಓಮ್ ಅಷ್ಟೇ. ಅಲ್ಲಿ ಬೇಕಾದದ್ದು ಇನ್‌ಪುಟ್ ಫಿಲ್ಟರ್. ಆ ಮಾತು ಇಲ್ಲಿಗೆ ಸಾಕು.

ಈಗ "ಇನ್ನೊಂದು ಹಾಕಿ ನೋಡೂಣೇನ್ರಿ" ಎಂಬುದಕ್ಕೆ ಲೆಕ್ಕದ ಉತ್ತರ. ಕಾಮನ್ ಮೋಡ್ ಕರೆಂಟ್ ಹರಿಯುವ ಇಡೀ ದಾರಿಯ ಇಂಪೀಡೆನ್ಸ್ 200 ಓಮ್ ಇದೆ ಎಂದುಕೊಳ್ಳೋಣ. ನಮ್ಮ ಕ್ಲಾಂಪಿನದೂ ಆ ಆವರ್ತನದಲ್ಲಿ 200 ಓಮ್ ಇರಲಿ. ಒಂದು ಕ್ಲಾಂಪ್ ಹಾಕಿದರೆ ದಾರಿಯ ಅಡ್ಡಿ ಎರಡು ಪಟ್ಟಾಗಿ ಕರೆಂಟ್ ಅರ್ಧಕ್ಕಿಳಿಯುತ್ತದೆ, ಅಂದರೆ 6 ಡೆಸಿಬೆಲ್. ಎರಡನೆಯದು ಹಾಕಿದರೆ ಮೂರನೆಯ ಒಂದು ಭಾಗ, ಒಟ್ಟು 9.5 ಡೆಸಿಬೆಲ್. ಮೂರನೆಯದಕ್ಕೆ 12. ಹೀಗೆ ಹೋಗಿ 18 ಡೆಸಿಬೆಲ್ ಮುಟ್ಟಬೇಕಾದರೆ ಏಳು ಕ್ಲಾಂಪುಗಳನ್ನು ಸಾಲಾಗಿ ಪೋಣಿಸಬೇಕಾಗುತ್ತದೆ. ಮೊದಲನೆಯದು ಕೊಟ್ಟಷ್ಟನ್ನು ಎರಡನೆಯದು ಕೊಡುವುದಿಲ್ಲ. ಮೊದಲನೆಯದರಿಂದಲೇ ಏನೂ ಆಗದಿದ್ದರೆ ಎರಡನೆಯದರಿಂದ ಆಗುವುದು ಇನ್ನೂ ಕಷ್ಟ.

ಇದೇ ಲೆಕ್ಕ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ದಾರಿಯ ಇಂಪೀಡೆನ್ಸ್ 50 ಓಮ್ ಇದ್ದಿದ್ದರೆ ಅದೇ ಕ್ಲಾಂಪ್ 14 ಡೆಸಿಬೆಲ್ ಕೊಡುತ್ತಿತ್ತು. 1000 ಓಮ್ ಇದ್ದಿದ್ದರೆ ಒಂದೂವರೆ ಡೆಸಿಬೆಲ್ಲಿಗಿಂತ ಸ್ವಲ್ಪವೇ ಹೆಚ್ಚು. ಆದ್ದರಿಂದ ಇಂತಿಷ್ಟು ಡೆಸಿಬೆಲ್ಲಿನ ಫೆರೈಟ್ ಎಂಬ ವಸ್ತು ಲೋಕದಲ್ಲಿ ಇಲ್ಲ. ಡೇಟಾಶೀಟಿನಲ್ಲಿ ಓಮ್ ಇರುತ್ತದೆ. ಡೆಸಿಬೆಲ್ ಎಷ್ಟು ಸಿಗುತ್ತದೆ ಎಂಬುದನ್ನು ಕೇಬಲ್ಲೇ ತೀರ್ಮಾನಿಸುತ್ತದೆ. ಇದನ್ನು ಅರಿತವರು ಕ್ಲಾಂಪ್ ಫಲ ಕೊಡದಿದ್ದಾಗಲೂ ಏನನ್ನೋ ಕಲಿತಿರುತ್ತಾರೆ. ಅಲ್ಲಿ ಇಂಪೀಡೆನ್ಸ್ ಆಗಲೇ ಹೆಚ್ಚಿದೆ, ಆ ಜಾಗದಲ್ಲಿ ಕರೆಂಟ್ ಕಡಿಮೆ, ಅಥವಾ ವಿಕಿರಣ ಈ ಕೇಬಲ್ಲಿನಿಂದ ಬರುತ್ತಲೇ ಇಲ್ಲ.

ಜಾಗದ ಮಾತು ಸಣ್ಣದಲ್ಲ. ಕೇಬಲ್ಲಿನ ಉದ್ದ ತರಂಗಾಂತರಕ್ಕೆ ಹತ್ತಿರವಾಗುತ್ತಿದ್ದಂತೆ ಅದರ ಮೇಲೆ ಕರೆಂಟ್ ಎಲ್ಲೆಡೆ ಒಂದೇ ಸಮನಾಗಿ ಇರುವುದಿಲ್ಲ. ಒಂದೆಡೆ ಉಬ್ಬಿ ಇನ್ನೊಂದೆಡೆ ಸೊನ್ನೆಗಿಳಿಯುತ್ತದೆ. 100 ಮೆಗಾಹರ್ಟ್ಸ್‌ನಲ್ಲಿ ತರಂಗಾಂತರ ಮೂರು ಮೀಟರ್, ಅದರ ಕಾಲುಭಾಗ 75 ಸೆಂಟಿಮೀಟರ್. ಕರೆಂಟ್ ಉಬ್ಬಿರುವ ಕಡೆ ಹಾಕಿದ ಫೆರೈಟ್ ಮಾಡುವ ಕೆಲಸವನ್ನು, ಅಲ್ಲಿಂದ 75 ಸೆಂಟಿಮೀಟರ್ ಆಚೆ ಹಾಕಿದ ಅದೇ ಫೆರೈಟ್ ಮಾಡದೆ ಇರಬಹುದು. ಲೋಹದ ಕವಚದಿಂದ ಕೇಬಲ್ ಹೊರಬೀಳುವ ಬಾಯಿಯ ಬಳಿ ಕರೆಂಟ್ ಸಾಮಾನ್ಯವಾಗಿ ಹೆಚ್ಚಿರುವುದರಿಂದ ಮೊದಲ ಜಾಗ ಅದೇ. ಆದರೆ ಸಾಮಾನ್ಯವಾಗಿ ಎಂಬ ಪದದ ಮೇಲೆ ಭಾರ ಹಾಕಿ ಓದಬೇಕು. ಸಿಸ್ಪರ್ ಪ್ರಮಾಣಗಳಲ್ಲಿ ವಿವರಿಸಿರುವ ಅಬ್ಸಾರ್ಬಿಂಗ್ ಕ್ಲಾಂಪ್ ಎಂಬ ಅಳತೆಯ ಉಪಕರಣವೇ ಇದಕ್ಕೆ ಸಾಕ್ಷಿ. ಮಿಕ್ಸರ್, ಡ್ರಿಲ್ಲಿಂಗ್ ಯಂತ್ರಗಳಂಥ ಮನೆಬಳಕೆಯ ಸಾಧನಗಳ ಪವರ್ ಕೇಬಲ್ಲಿನಿಂದ ಹೊಮ್ಮಬಹುದಾದ ಶಕ್ತಿಯನ್ನು ಅಳೆಯಲು, ಫೆರೈಟ್ ಉಂಗುರಗಳ ಸಾಲನ್ನೇ ಒಳಗೊಂಡ ಆ ಕ್ಲಾಂಪನ್ನು ಉದ್ದ ಹಾಸಿದ ಕೇಬಲ್ಲಿನ ಮೇಲೆ ಜಾರಿಸುತ್ತ ಹೋಗಿ, ಪ್ರತಿ ಆವರ್ತನಕ್ಕೂ ಅತಿ ಹೆಚ್ಚು ಓದು (ರೀಡಿಂಗ್) ಸಿಗುವ ಜಾಗವನ್ನು ಹುಡುಕುತ್ತಾರೆ. ಅಳತೆಗೆ ಜಾಗ ಅಷ್ಟು ಮುಖ್ಯವಾದರೆ ಚಿಕಿತ್ಸೆಗೂ ಮುಖ್ಯವೇ. ಇನ್ನೊಂದು ತೊಡಕೆಂದರೆ, ಫೆರೈಟ್ ಸೇರಿದ ಮೇಲೆ ಕೇಬಲ್ಲಿನ ಅನುರಣನವೇ ಸ್ಥಳ ಬದಲಿಸಿ, 100ರಲ್ಲಿದ್ದ ಶಿಖರ ತಗ್ಗಿ 70ರಲ್ಲೋ 140ರಲ್ಲೋ ಹೊಸದೊಂದು ಏಳಬಹುದು. ಕೆಟ್ಟ ಶಿಖರವೊಂದನ್ನೇ ದಿಟ್ಟಿಸಿ ನೋಡುವ ಬದಲು ಇಡೀ ಪಟ್ಟಿಯನ್ನು ಮತ್ತೊಮ್ಮೆ ಸ್ಕ್ಯಾನ್ ಮಾಡುವ ತಾಳ್ಮೆ ಅದಕ್ಕಾಗಿಯೇ ಬೇಕು.

ಆಕಾರದ ಬಗ್ಗೆ ಎರಡು ಮಾತು. ಉಂಗುರದ ಇಂಪೀಡೆನ್ಸ್ ಅದರ ಉದ್ದಕ್ಕೆ ನೇರವಾಗಿ, ಹೊರವ್ಯಾಸ ಮತ್ತು ಒಳವ್ಯಾಸಗಳ ಅನುಪಾತದ ಲಾಗರಿದಮ್ಮಿಗೆ ಅನುಗುಣವಾಗಿ ಏರುತ್ತದೆ. ಉದ್ದ ಇಮ್ಮಡಿಸಿದರೆ ತೂಕವೂ ಇಮ್ಮಡಿ, ಇಂಪೀಡೆನ್ಸೂ ಇಮ್ಮಡಿ. ಹೊರವ್ಯಾಸವನ್ನು ಒಳವ್ಯಾಸದ ಎರಡು ಪಟ್ಟಿನಿಂದ ಮೂರು ಪಟ್ಟಿಗೆ ಏರಿಸಿದರೆ ತೂಕ ಎರಡೂವರೆ ಪಟ್ಟನ್ನು ಮೀರುತ್ತದೆ, ಇಂಪೀಡೆನ್ಸ್ ಮಾತ್ರ ಒಂದೂವರೆ ಪಟ್ಟಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಹೀಗಾಗಿ ಕೇಬಲ್ಲಿಗೆ ಬಿಗಿಯಾಗಿ ಕೂರುವ ಉದ್ದನೆಯ ಕೊಳವೆ, ದಪ್ಪನೆಯ ಸಡಿಲ ಬಳೆಗಿಂತ ಮೇಲು. ಎರಡು ಹೋಳಿನ ಕ್ಲಾಂಪಿನಲ್ಲಿ ಹೋಳುಗಳ ಮುಖಗಳ ನಡುವೆ ಧೂಳಿನ ಕಣವೋ ಒಡೆದ ಚೂರೋ ಸಿಕ್ಕಿಕೊಂಡರೂ ಗಾಳಿಯ ಸಂದು ಉಂಟಾಗಿ ಅದರ ಬಲ ಕುಗ್ಗುತ್ತದೆ. ಪ್ಲಾಸ್ಟಿಕ್ ಕವಚದ ಕೊಕ್ಕೆ ಟಕ್ ಎಂದು ಕೂತ ಸದ್ದು ಕೇಳಿಸದಿದ್ದರೆ ಆ ಓದನ್ನು ನಾನು ನಂಬುವುದಿಲ್ಲ.

ಕೇಬಲ್ಲನ್ನು ಅದೇ ಕೋರಿನೊಳಗೆ ಎರಡು ಮೂರು ಸಲ ಸುತ್ತುವುದು ಕ್ಲಾಂಪುಗಳನ್ನು ಪೋಣಿಸುವುದಕ್ಕಿಂತ ಜಾಣತನ, ಆದರೆ ಒಂದು ಎಲ್ಲೆಯವರೆಗೆ. ಕೆಳಗಿನ ಆವರ್ತನಗಳಲ್ಲಿ ಇಂಪೀಡೆನ್ಸ್ ಸುತ್ತುಗಳ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಎರಡು ಸುತ್ತಿಗೆ ನಾಲ್ಕು ಪಟ್ಟು, ಮೂರಕ್ಕೆ ಒಂಬತ್ತು ಪಟ್ಟು ಸಿಗುತ್ತದೆ. ಒಮ್ಮೆ ಹಾಯಿಸಿದರೂ ಅದು ಒಂದು ಸುತ್ತೇ ಎಂಬುದನ್ನು ನೆನಪಿಡಬೇಕು. ಮೇಲೆ ಹೋದಂತೆ ಸುತ್ತುಗಳ ನಡುವಿನ ಕೆಪಾಸಿಟೆನ್ಸ್ ಕರೆಂಟಿಗೆ ಅಡ್ಡದಾರಿ ತೋರಿಸುತ್ತದೆ. 30 ಮೆಗಾಹರ್ಟ್ಸ್‌ನ ಕಾಯಿಲೆಗೆ ಮೂರು ಸುತ್ತು ದಿವ್ಯೌಷಧ. 400ರ ಕಾಯಿಲೆಗೆ ಅದೇ ಮೂರು ಸುತ್ತು ಒಂದು ಸುತ್ತಿಗಿಂತ ಕಡೆಯಾಗಬಹುದು. ಕೋರಿನ ಒಳಹೋಗುವ ತುದಿಯನ್ನೂ ಹೊರಬರುವ ತುದಿಯನ್ನೂ ಒಟ್ಟಿಗೆ ಟೈ ಹಾಕಿ ಬಿಗಿದರಂತೂ ಆ ಅಡ್ಡದಾರಿಯನ್ನು ನಾವೇ ಕಟ್ಟಿಕೊಟ್ಟಂತೆ.

ಇಷ್ಟೆಲ್ಲ ಹೇಳಿದ ಮೇಲೆ ಪತ್ತೆದಾರಿಕೆಗೆ ಬರುತ್ತೇನೆ, ಏಕೆಂದರೆ ಫೆರೈಟಿನ ನಿಜವಾದ ಬೆಲೆ ಗೊತ್ತಾಗುವುದು ಅಲ್ಲಿ. ಸಾಮಾನ್ಯವಾಗಿ ನಡೆಯುವುದು ಹೀಗೆ. ಉಪಕರಣಕ್ಕೆ ನಾಲ್ಕು ಕೇಬಲ್ಲುಗಳಿವೆ. ಒಂದಕ್ಕೆ ಕ್ಲಾಂಪ್ ಹಾಕಿ ನೋಡುತ್ತಾರೆ, ಶಿಖರ ತಗ್ಗುವುದಿಲ್ಲ, ತೆಗೆಯುತ್ತಾರೆ. ಎರಡನೆಯದಕ್ಕೆ ಹಾಕುತ್ತಾರೆ, ತಗ್ಗುವುದಿಲ್ಲ, ತೆಗೆಯುತ್ತಾರೆ. ನಾಲ್ಕೂ ಮುಗಿದ ಮೇಲೆ ಫೆರೈಟಿನಿಂದ ಪ್ರಯೋಜನವಿಲ್ಲವೆಂಬ ತೀರ್ಮಾನಕ್ಕೆ ಬರುತ್ತಾರೆ. ನಾಲ್ಕು ಕಡೆ ಸೋರುವ ಮಾಳಿಗೆಯಲ್ಲಿ ಒಂದು ಬಿರುಕನ್ನು ಮುಚ್ಚಿ, ನೆಲ ಇನ್ನೂ ಒದ್ದೆಯಿದೆಯೆಂದು ಆ ಮುಚ್ಚಿಗೆಯನ್ನು ಕಿತ್ತು ಮುಂದಿನ ಬಿರುಕಿಗೆ ಹೋದರೆ ಆಗುವುದೂ ಇದೇ. ಸಮಾನವಾಗಿ ವಿಕಿರಿಸುವ ಎರಡು ಕೇಬಲ್ಲುಗಳಲ್ಲಿ ಒಂದನ್ನು ಪೂರ್ತಿ ಸುಮ್ಮನಾಗಿಸಿದರೂ, ಎರಡರ ಕ್ಷೇತ್ರಗಳು ಆಂಟೆನಾದಲ್ಲಿ ನೇರವಾಗಿ ಕೂಡಿಕೊಳ್ಳುವಂತಿದ್ದಾಗ ಸಿಗುವ ಇಳಿಕೆ 6 ಡೆಸಿಬೆಲ್. ಅವು ಹಾಗೆ ಕೂಡದಿದ್ದರೆ ಇನ್ನೂ ಕಡಿಮೆ. ಅವು ಪರಸ್ಪರ ಭಾಗಶಃ ರದ್ದಾಗುತ್ತಿದ್ದರೆ ಒಂದನ್ನು ಅಡಗಿಸಿದಾಗ ಶಿಖರ ಏರಲೂಬಹುದು. ನಾಲ್ಕರಲ್ಲಿ ಒಂದನ್ನು ಅಡಗಿಸಿದಾಗ ಸಿಗುವ ಒಂದೆರಡು ಡೆಸಿಬೆಲ್ಲಿನ ವ್ಯತ್ಯಾಸ ಕಣ್ಣಿಗೆ ಬೀಳದೆ ಹೋದರೆ ಆಶ್ಚರ್ಯವಿಲ್ಲ.

ಆದ್ದರಿಂದ ಕ್ರಮವನ್ನು ತಿರುಗಿಸಬೇಕು. ಮೊದಲು ಎಲ್ಲ ಕೇಬಲ್ಲುಗಳಿಗೂ, ಬೋರ್ಡಿನ ಬಾಯಿಯ ಹತ್ತಿರ, ಕೈಯಲ್ಲಿರುವ ಅತ್ಯುತ್ತಮ ಫೆರೈಟುಗಳನ್ನು ಹಾಕಬೇಕು; ತೆಗೆಯಬಹುದಾದ ಕೇಬಲ್ಲುಗಳನ್ನು ತೆಗೆದೇ ಬಿಡಬೇಕು. ಶಿಖರ ಮಿತಿಯ ಕೆಳಗಿಳಿದರೆ ದಾರಿ ಕೇಬಲ್ಲುಗಳದೇ ಎಂದಾಯಿತು. ಆಮೇಲೆ ಒಂದೊಂದಾಗಿ ಕ್ಲಾಂಪುಗಳನ್ನು ಬಿಡಿಸುತ್ತ ಹೋದರೆ ಯಾವುದನ್ನು ಬಿಡಿಸಿದಾಗ ಶಿಖರ ಮತ್ತೆ ಏಳುತ್ತದೆ ಎಂಬುದು ತಾನಾಗಿಯೇ ಕಾಣುತ್ತದೆ. ಎಲ್ಲ ಕೇಬಲ್ಲುಗಳಿಗೂ ಹಾಕಿದ ಮೇಲೂ ಶಿಖರ ಇಳಿಯದಿದ್ದರೆ ಫೆರೈಟನ್ನು ಡಬ್ಬಿಗೆ ಹಾಕಿ, ಕವಚದ ಸಂದುಗಳ ಕಡೆಗೆ, ಡಿಸ್‌ಪ್ಲೇಯ ಕಿಂಡಿಯ ಕಡೆಗೆ, ಹೀಟ್‌ಸಿಂಕಿನ ಕಡೆಗೆ ತಿರುಗಬೇಕು. ಈ ಉತ್ತರವೂ ಸಣ್ಣ ಲಾಭವಲ್ಲ.

ಒಂದು ಉದಾಹರಣೆ. ವಾಹನದಲ್ಲಿ ಕೂರುವ ಒಂದು ಸಂಪರ್ಕ ಘಟಕದಲ್ಲಿ 100 ಮೆಗಾಹರ್ಟ್ಸ್‌ನ ಶಿಖರವಿತ್ತು. ಬೋರ್ಡಿನಲ್ಲಿ ಈಥರ್‌ನೆಟ್‌ಗೆಂದು 25 ಮೆಗಾಹರ್ಟ್ಸ್‌ನ ಕ್ರಿಸ್ಟಲ್ ಇದ್ದುದರಿಂದ ಅದರ ನಾಲ್ಕನೆಯ ಹಾರ್ಮೋನಿಕ್, ಅಂದರೆ ನಾಲ್ಕು ಪಟ್ಟು ಆವರ್ತನದ ಅಂಶ, ಎಂಬುದು ಸ್ಪಷ್ಟವಾಗಿತ್ತು, ಎಫ್‌ಎಂ ಪಟ್ಟಿಯಾದ 88ರಿಂದ 108ರ ನಡುವೆಯೇ ಬಿದ್ದುದರಿಂದ ಬಿಡುವಂತೆಯೂ ಇರಲಿಲ್ಲ. ಎಲ್ಲರ ಗುಮಾನಿ ಈಥರ್‌ನೆಟ್ ಕೇಬಲ್ಲಿನ ಮೇಲೆ. ಎಲ್ಲಕ್ಕೂ ಹಾಕಿ ಒಂದೊಂದಾಗಿ ಬಿಡಿಸಿದಾಗ ಈಥರ್‌ನೆಟ್ ಕೇಬಲ್ಲಿನ ಕ್ಲಾಂಪ್ ತೆಗೆದರೂ ಗ್ರಾಫ್ ಅಲುಗಲಿಲ್ಲ. ಪವರ್ ಹಾರ್ನೆಸ್ಸಿನದನ್ನು, ಅಂದರೆ ವಿದ್ಯುತ್ ತರುವ ತಂತಿಗಳ ಕಟ್ಟಿನದನ್ನು, ತೆಗೆದ ಕೂಡಲೇ ಶಿಖರ ಎದ್ದು ನಿಂತಿತು. ಸಿಸ್ಪರ್ 25ರ ಪರೀಕ್ಷೆಯಲ್ಲಿ ಹಾರ್ನೆಸ್ ಒಂದೂವರೆ ಮೀಟರಿಗೂ ಹೆಚ್ಚು ಉದ್ದವಾಗಿ, ಲೋಹದ ಮೇಜಿನಿಂದ 50 ಮಿಲಿಮೀಟರ್ ಎತ್ತರದಲ್ಲಿ, ಆಂಟೆನಾದಿಂದ ಒಂದು ಮೀಟರ್ ದೂರದಲ್ಲಿ ಮಲಗಿರುತ್ತದೆ. 100 ಮೆಗಾಹರ್ಟ್ಸ್‌ನ ಅರ್ಧ ತರಂಗಾಂತರವೂ ಒಂದೂವರೆ ಮೀಟರ್. ಬೋರ್ಡನ್ನು ತಿರುಗಿಸಿ ನೋಡಿದರೆ ಕ್ರಿಸ್ಟಲ್ಲಿನ ಗೆರೆಗಳು ಪವರ್ ಕನೆಕ್ಟರಿನ ಪಿನ್ನುಗಳ ಪಕ್ಕದಲ್ಲೇ ಹಾದುಹೋಗಿದ್ದವು. ವಿದ್ಯುತ್ ಶಬ್ದ ಹುಟ್ಟಿದ ಮನೆ ಒಂದು, ಅದು ಹೊರಬಿದ್ದ ಬಾಗಿಲು ಇನ್ನೊಂದು. ಮುಂದಿನ ಆವೃತ್ತಿಯಲ್ಲಿ ಕ್ರಿಸ್ಟಲ್ ಜಾಗ ಬದಲಿಸಿತು, ಕನೆಕ್ಟರಿನ ಬುಡದಲ್ಲಿ ಸಣ್ಣ ಕೆಪಾಸಿಟರುಗಳು ಬಂದವು, ಹಾರ್ನೆಸ್ಸಿನ ಕ್ಲಾಂಪ್ ಡಬ್ಬಿಗೆ ಮರಳಿತು.

ಶೀಲ್ಡ್ ಇರುವ ಕೇಬಲ್ಲಿಗೆ ಫೆರೈಟ್ ಬೇಕಾಗುತ್ತಿದೆ ಎಂದರೆ ಮೊದಲು ಶೀಲ್ಡನ್ನು ಕೊನೆಗೊಳಿಸಿರುವ ರೀತಿಯನ್ನು ನೋಡಬೇಕು. ಜಾಲರಿಯನ್ನು ಹುರಿ ಮಾಡಿ, ಐದು ಸೆಂಟಿಮೀಟರಿನ ಜಡೆಯಂತೆ ಎಳೆದು ಒಂದು ಪಿನ್ನಿಗೆ ಬೆಸೆಯುವ ಪದ್ಧತಿ ಇನ್ನೂ ಇದೆ. ಸೆಂಟಿಮೀಟರಿಗೆ 10 ನ್ಯಾನೋಹೆನ್ರಿಯಂತೆ ಅದು 50 ನ್ಯಾನೋಹೆನ್ರಿ, 100 ಮೆಗಾಹರ್ಟ್ಸ್‌ನಲ್ಲಿ 31 ಓಮ್. ಶೀಲ್ಡಿನ ಬುಡದಲ್ಲೇ 31 ಓಮ್ ಇಟ್ಟುಕೊಂಡು ಹೊರಗೆ ಫೆರೈಟ್ ಹಾಕುವುದಕ್ಕಿಂತ, ಜಾಲರಿಯನ್ನು ಕನೆಕ್ಟರಿನ ಲೋಹದ ಕವಚಕ್ಕೆ ಸುತ್ತಲೂ ಒತ್ತಿ ಕೂರಿಸುವುದು ಹೆಚ್ಚು ಫಲ ಕೊಡುತ್ತದೆ.

ಈ ಹುಡುಕಾಟಕ್ಕೆಲ್ಲ ಚೇಂಬರೇ ಬೇಕೆಂದಿಲ್ಲ. ಕೇಬಲ್ಲಿನ ಕಾಮನ್ ಮೋಡ್ ಕರೆಂಟನ್ನು ಕರೆಂಟ್ ಪ್ರೋಬಿನಿಂದ ನಮ್ಮ ಮೇಜಿನ ಮೇಲೆಯೇ ಅಳೆಯಬಹುದು. ಪ್ರೋಬಿನ ಟ್ರಾನ್ಸ್‌ಫರ್ ಇಂಪೀಡೆನ್ಸ್ 1 ಓಮ್ ಇದ್ದರೆ, ಅಂದರೆ ಒಂದು ಆಂಪಿಯರಿಗೆ ಅದು ಒಂದು ವೋಲ್ಟ್ ಕೊಟ್ಟರೆ, ಮೇಲೆ ಹೇಳಿದ 5 ಮೈಕ್ರೋಆಂಪಿಯರ್ ಅನಲೈಸರಿನಲ್ಲಿ 14 ಡಿಬಿ ಮೈಕ್ರೋವೋಲ್ಟ್ ಆಗಿ ಕಾಣುತ್ತದೆ. ಪ್ರೀಆಂಪ್ಲಿಫೈಯರ್ ಜೊತೆಗಿದ್ದರೆ ಸಾಧಾರಣ ಅನಲೈಸರೂ ಅದನ್ನು ಹಿಡಿಯುತ್ತದೆ. ಪ್ರೋಬ್ ಕೊಳ್ಳಲು ಮಂಜೂರಾತಿ ಸಿಗದಿದ್ದರೆ ಅದೇ ಎರಡು ಹೋಳಿನ ಫೆರೈಟಿನ ಒಂದು ಹೋಳಿಗೆ ಕೆಲವು ಸುತ್ತು ತಂತಿ ಸುತ್ತಿ ಕೋಆಕ್ಸಿಯಲ್ ಕೇಬಲ್ಲಿಗೆ ಬೆಸೆದರೆ, ಹೋಲಿಕೆಗೆ ಸಾಕಾಗುವಂಥ ಪ್ರೋಬ್ ಸಿದ್ಧವಾಗುತ್ತದೆ. ಊರೊಳಗಿನ ಮೇಜಿನ ಮೇಲೆ ಎಫ್‌ಎಂ ಕೇಂದ್ರಗಳೂ ಕೇಬಲ್ಲಿನಲ್ಲಿ ಕರೆಂಟ್ ಹರಿಸುತ್ತವೆ ಎಂಬುದನ್ನು ಮರೆಯದೆ, ಉಪಕರಣವನ್ನು ಆಫ್ ಮಾಡಿ ಒಮ್ಮೆ ಸ್ಕ್ಯಾನ್ ಮಾಡಿಟ್ಟುಕೊಂಡಿರಬೇಕು.

ಕರೆಂಟ್ ಎಂದಾಗ ನೆನಪಾಗುವ ಇನ್ನೊಂದು ಸಂಗತಿ, ವಿದ್ಯುತ್ ವಾಹನಗಳ ಕೆಲಸ ಹೆಚ್ಚಿದ ಮೇಲೆ ಮತ್ತೆ ಮತ್ತೆ ಎದುರಾಗುತ್ತಿರುವುದು. ಬ್ಯಾಟರಿಯ ಪಾಸಿಟಿವ್ ತಂತಿಯೊಂದನ್ನೇ ಕೋರಿನೊಳಗೆ ಹಾಯಿಸಿದರೆ ಅದರಲ್ಲಿ ಹರಿಯುವ ಡಿಸಿ ಕರೆಂಟ್ ಫೆರೈಟನ್ನು ಸ್ಯಾಚುರೇಷನ್ನಿಗೆ, ಅಂದರೆ ಇನ್ನಷ್ಟು ಕಾಂತಗೊಳ್ಳಲಾರದ ಸ್ಥಿತಿಗೆ, ದೂಡಿ ಬರಿಯ ಕಲ್ಲನ್ನಾಗಿಸುತ್ತದೆ. ಪಾಸಿಟಿವ್ ಮತ್ತು ನೆಗೆಟಿವ್ ಎರಡೂ ಒಟ್ಟಿಗೆ, ಮೋಟರಿನ ಮೂರು ಫೇಸುಗಳೂ ಒಟ್ಟಿಗೆ ಹೋಗಬೇಕು. ಬಿಸಿಯೂ ಅಷ್ಟೇ: ಕ್ಯೂರಿ ತಾಪಮಾನದ ಹತ್ತಿರ ಬಂದಂತೆ ಫೆರೈಟ್ ತನ್ನ ಗುಣ ಬಿಡುತ್ತದೆ. ಕೇಬಲ್ಲುಗಳಿಗೆ ಹೆಚ್ಚು ಬಳಸುವ ಕೆಲವು ಜಾತಿಗಳಲ್ಲಿ ಅದು 130 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ಇರುವುದರಿಂದ ಎಂಜಿನ್ನಿನ ಬಳಿಯ ಜಾಗಕ್ಕೆ ಡೇಟಾಶೀಟ್ ನೋಡದೆ ಹಾಕಬಾರದು.

ತಮಾಷೆಯೆಂದರೆ ಚೇಂಬರ್ ತಾನೇ ಫೆರೈಟಿನ ಮನೆ. ಒಳಗೋಡೆಗಳಿಗೆ ಹೊದಿಸಿದ, ಸುಮಾರು 6 ಮಿಲಿಮೀಟರ್ ದಪ್ಪದ ಹಂಚುಗಳು ಫೆರೈಟಿನವೇ. 30 ಮೆಗಾಹರ್ಟ್ಸ್‌ನಷ್ಟು ಕೆಳಗಿನ ಅಲೆಗಳನ್ನು ಅಷ್ಟು ತೆಳ್ಳಗೆ ನುಂಗಬಲ್ಲ ವಸ್ತು ಬೇರೆ ಸುಲಭಕ್ಕೆ ಸಿಗುವುದಿಲ್ಲ. ಲ್ಯಾಪ್‌ಟಾಪಿನಂಥ ಸಹಾಯಕ ಸಾಧನಗಳ ವಿದ್ಯುತ್ ಶಬ್ದ ಒಳಗೆ ಬಾರದಂತೆ ಪ್ರಯೋಗಾಲಯದವರು ಹೊರಹೋಗುವ ಕೇಬಲ್ಲುಗಳಿಗೂ ಫೆರೈಟ್ ಹಾಕಿರುವುದುಂಟು. ಅದು ಎಲ್ಲಿ ಕೂತಿದೆ ಎಂಬುದು ನಮ್ಮ ಓದನ್ನೂ ಬದಲಿಸಬಲ್ಲದಾದ್ದರಿಂದ, ಪರೀಕ್ಷೆಯ ಫೋಟೋದಲ್ಲಿ ಪ್ರತಿಯೊಂದು ಫೆರೈಟೂ ಕಾಣಬೇಕೆಂದು ನಾನು ಹಟ ಹಿಡಿಯುತ್ತೇನೆ. ಹೀಗೆ ಹಟ ಹಿಡಿಯುವುದರಿಂದ ಪ್ರಯೋಗಾಲಯದ ಹುಡುಗರಿಗೆ ನನ್ನ ಮೇಲೆ ಅಷ್ಟೇನೂ ಪ್ರೀತಿಯಿಲ್ಲ.

ಕೊನೆಗೂ ಫೆರೈಟ್ ಉತ್ಪನ್ನದಲ್ಲಿ ಉಳಿಯಲೇಬೇಕು ಎಂದಾದರೆ, ಉಳಿಯಲಿ. ವಿನ್ಯಾಸ ನಮ್ಮದಲ್ಲದ ಕ್ಯಾಮೆರಾ ಮಾಡ್ಯೂಲ್, ಕೊಂಡು ತಂದ ಪವರ್ ಸಪ್ಲೈ, ಬೋರ್ಡಿನ ಅಚ್ಚು ಮುಗಿದುಹೋದ ಯೋಜನೆ, ಇಂಥ ಕಡೆ ಅದು ನ್ಯಾಯವಾದ ಪರಿಹಾರವೇ. ಆಗ ಅದರ ಜೊತೆ ಕೆಲವು ಜವಾಬ್ದಾರಿಗಳೂ ಬರುತ್ತವೆ. ಪರೀಕ್ಷೆಯಲ್ಲಿ ಇದ್ದದ್ದು ಮಾರುವ ಸಾಮಾನಿನಲ್ಲೂ ಇರಬೇಕು. ಕೇಬಲ್ಲನ್ನು ಗ್ರಾಹಕರೇ ಕೊಳ್ಳುವುದಾದರೆ ಕೈಪಿಡಿಯಲ್ಲಿ ಅದು ನಮೂದಾಗಬೇಕು. ವಾಹನದಲ್ಲಿ ತೂಗಾಡುವ ಫೆರೈಟ್ ಪ್ರತಿ ಗುಂಡಿಗೂ ಕನೆಕ್ಟರನ್ನು ಜಗ್ಗುತ್ತದೆ, ಗಟ್ಟಿ ಜಾಗಕ್ಕೆ ತಾಗಿ ಪಿಂಗಾಣಿಯಂತೆಯೇ ಒಡೆಯುತ್ತದೆ; ಆದ್ದರಿಂದ ಶ್ರಿಂಕ್ ಟ್ಯೂಬಿನಲ್ಲಿ ಬಿಗಿದು, ಆಧಾರಕ್ಕೆ ಕಟ್ಟಬೇಕು. ಮಿತಿಯಿಂದ ಒಂದು ಡೆಸಿಬೆಲ್ ಕೆಳಗೆ ನಿಂತು ಪಾಸಾದೆವೆಂದು ಪೇಢೆ ಹಂಚುವ ಮುನ್ನ, 30ರಿಂದ 1000 ಮೆಗಾಹರ್ಟ್ಸ್‌ವರೆಗಿನ ವಿಕಿರಣದ ಅಳತೆಗೆ ಸಿಸ್ಪರ್ ಒಪ್ಪಿಕೊಂಡಿರುವ ಅನಿಶ್ಚಿತತೆಯೇ 6.3 ಡೆಸಿಬೆಲ್ ಎಂಬುದನ್ನು ನೆನೆಯಬೇಕು; ಇನ್ನೊಂದು ಪ್ರಯೋಗಾಲಯದಲ್ಲಿ ಅದೇ ಕ್ಲಾಂಪ್ ಎರಡು ಸೆಂಟಿಮೀಟರ್ ಆಚೆ ಕೂತರೆ ಆ ಒಂದು ಡೆಸಿಬೆಲ್ ಉಳಿಯಲಾರದು.

ಹಾಗಾಗಿ ಹಾರ್ನೆಸ್ ಡ್ರಾಯಿಂಗಿನಲ್ಲಿ ಕನೆಕ್ಟರಿನ ಹಿಂಬದಿಯಿಂದ ಫೆರೈಟಿನ ಅಂಚಿಗೆ ಎಷ್ಟು ಮಿಲಿಮೀಟರ್, ಎಷ್ಟು ಸುತ್ತು, ಯಾವ ಜಾತಿಯ ಫೆರೈಟ್ ಎಂಬುದೆಲ್ಲ ಬರೆದಿರಬೇಕು. "ಅಥವಾ ಸಮಾನವಾದದ್ದು" ಎಂಬ ಮಾತನ್ನು ಬರೆಯುವುದಾದರೆ ಯಾವ ಆವರ್ತನಗಳಲ್ಲಿ ಎಷ್ಟು ಓಮ್ ಇದ್ದರೆ ಸಮಾನ ಎಂಬುದನ್ನೂ ಪಕ್ಕದಲ್ಲೇ ಬರೆಯಬೇಕು. ಇಲ್ಲದಿದ್ದರೆ ಖರೀದಿ ವಿಭಾಗದವರು ಅದೇ ಅಳತೆಯ, ಅದೇ ಬಣ್ಣದ, ಬೇರೆ ಜಾತಿಯ ಕ್ಲಾಂಪನ್ನು ಕಡಿಮೆ ದರಕ್ಕೆ ತರುತ್ತಾರೆ, ಅವರನ್ನು ತಪ್ಪುಗಾರರೆನ್ನಲು ನಮ್ಮ ಬಳಿ ಕಾಗದದಲ್ಲಿ ಏನೂ ಇರುವುದಿಲ್ಲ.